ಇದು ಯಾರ ಜೊತೆ ಸಾಯುತ್ತದೆ? ಕುಬರ್ನೆಟಿಸ್ ವಾಲ್ಯೂಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಾವು ಏಳೆಂಟು ಜನ ಶನಿವಾರ ಸಂಜೆ ಕೂತು ಕುಬರ್ನೆಟಿಸ್ ಕಲಿಯುತ್ತೇವೆ. ಹಲವು ಯಂತ್ರಗಳ ಮೇಲೆ ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಕೆಲವರು ಈಗಷ್ಟೇ ಇಂಜಿನಿಯರಿಂಗ್ ಮುಗಿಸಿದವರು. ಕೆಲವರು ಮನೆಯಲ್ಲೇ ಕೂತು ಹೈದರಾಬಾದ್, ಬೆಂಗಳೂರಿನ ಕಂಪನಿಗಳಿಗೆ ದುಡಿಯುವವರು. ನೆಟ್‌ವರ್ಕ್ ಬಗ್ಗೆ ಎರಡು ವಾರ ಪ್ರಶ್ನೆ ಬರುತ್ತವೆ, ಆಮೇಲೆ ನಿಲ್ಲುತ್ತವೆ. ವಾಲ್ಯೂಮ್, ಅಂದರೆ ಡೇಟಾ ಇಡುವ ಜಾಗ, ಅದರ ಬಗ್ಗೆ ಮಾತ್ರ ನಿಲ್ಲುವುದೇ ಇಲ್ಲ. ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತದೆ. ಹಾಗೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ವಾಲ್ಯೂಮ್ ಕಂಡರೂ "ಇದು ಯಾರ ಜೊತೆ ಸಾಯುತ್ತದೆ?" ಅಂತ ಕೇಳಿ. ಕಂಟೇನರ್ ಜೊತೆಗೋ, ಪಾಡ್ ಜೊತೆಗೋ, ನೋಡ್ ಜೊತೆಗೋ, ಇಲ್ಲ ನೀವೇ ಅಳಿಸುವವರೆಗೂ ಇರುತ್ತದೋ? ಕಂಟೇನರ್ ಅಂದರೆ ಪ್ರೋಗ್ರಾಂ ಓಡುವ ಡಬ್ಬಿ. ಪಾಡ್ ಅಂದರೆ ಒಟ್ಟಿಗೆ ಓಡುವ ಒಂದೋ ಹೆಚ್ಚೋ ಕಂಟೇನರ್. ನೋಡ್ ಅಂದರೆ ಅವು ಓಡುವ ಯಂತ್ರ, ನೋಡ್‌ಗಳ ಗುಂಪು ಕ್ಲಸ್ಟರ್.

## ಶುರುವಿನ ಪ್ರಶ್ನೆಗಳು

ಕಂಟೇನರ್ ರೀಸ್ಟಾರ್ಟ್ ಆದ ಮ್ಯಾಲ ನಾ ಹಾಕಿದ ಫೈಲೇ ಇಲ್ಲ. ಎಲ್ಲಿ ಹೋಯ್ತ್ರೀ?

ಕಂಟೇನರ್ ಇಮೇಜ್ ಅಂದರೆ ಒಂದರ ಮೇಲೊಂದು ಜೋಡಿಸಿದ ಪದರಗಳು. ಅವನ್ನು ಓದಬಹುದು, ತಿದ್ದಲು ಆಗದು. ಕಂಟೇನರ್ ಶುರುವಾದಾಗ ಬರೆಯುವುದಕ್ಕೆ ಅಂತ ಮೇಲೊಂದು ತೆಳು ಪದರ ಸಿಗುತ್ತದೆ. ನೀವು ಬರೆದದ್ದೆಲ್ಲ ಅದರಲ್ಲಿ. ಕಂಟೇನರ್ ಹೋದರೆ ಆ ಪದರವೂ ಹೋಯಿತು.

ಗೊಂದಲ ಬಂದದ್ದು ಡಾಕರ್ ಅನ್ನುವ ಕಂಟೇನರ್ ಸಾಧನದ ರೂಢಿಯಿಂದ. ಡಾಕರ್‌ನಲ್ಲಿ ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದರೆ ಅದೇ ಕಂಟೇನರ್ ಏಳುತ್ತದೆ, ಫೈಲ್ ಹಾಗೇ ಇರುತ್ತದೆ. ಕುಬರ್ನೆಟಿಸ್‌ನಲ್ಲಿ ರೀಸ್ಟಾರ್ಟ್ ಅಂದರೆ ಹಳೆಯದನ್ನು ಬಿಟ್ಟು ಹೊಸ ಕಂಟೇನರ್ ಹುಟ್ಟಿಸುವುದು. ಹೆಸರು ಒಂದೇ, ಕೆಲಸ ಬೇರೆ. ನಮ್ಮ ಗಂಜ್‌ನಲ್ಲಿ ಹರಾಜಿಗೆ ಅಂತ ತೊಗರಿಯನ್ನು ಅಂಗಳದಲ್ಲಿ ಸುರಿಯುತ್ತಾರೆ. ರಾತ್ರಿ ಅಲ್ಲೇ ಬಿಟ್ಟು ಯಾರೂ ಊರಿಗೆ ಹೋಗಲ್ಲ, ಅಲ್ವಾ? ಆ ಪದರವೂ ಅಂಥ ಅಂಗಳವೇ.

ವಾಲ್ಯೂಮ್ ಅಂದ್ರ ಹಾರ್ಡ್ ಡಿಸ್ಕೇ ಅಲ್ಲೇನು?

ಅಲ್ಲ. ಕಂಟೇನರ್ ಒಳಗಿನಿಂದ ನೋಡಿದರೆ ವಾಲ್ಯೂಮ್ ಒಂದು ಡೈರೆಕ್ಟರಿ, ಅಷ್ಟೇ. ಅದರ ಹಿಂದೆ ನೋಡ್‌ನ ಡಿಸ್ಕ್ ಇರಬಹುದು, ನೆಟ್‌ವರ್ಕ್ ಆಚೆಗಿನ ಡಿಸ್ಕ್ ಇರಬಹುದು, ಬರೀ ರ್‍ಯಾಮ್ ಇರಬಹುದು. ಒಳಗೆ ಓಡುವ ಪ್ರೋಗ್ರಾಂಗೆ ಇದರ ಗೊಡವೆ ಇಲ್ಲ. ನಿಮಗಂತೂ ಇರಲೇಬೇಕು.

ಎಂಪ್ಟಿಡಿರ್ ಹಾಕಿದ್ರ ಸಾಕಲ್ರೀ?

ಯಾವುದಕ್ಕೆ ಅನ್ನುವುದರ ಮೇಲೆ ಹೋಗುತ್ತದೆ. ಎಂಪ್ಟಿಡಿರ್ ಪಾಡ್ ಜೊತೆ ಹುಟ್ಟಿ ಪಾಡ್ ಜೊತೆ ಸಾಯುತ್ತದೆ. ಒಳಗಿನ ಕಂಟೇನರ್ ಹತ್ತು ಸಲ ಬಿದ್ದೆದ್ದರೂ ಡೇಟಾ ಇರುತ್ತದೆ. ಪಾಡ್ ಅಳಿದರೆ ಮಾತ್ರ ಎಲ್ಲ ಖಾಲಿ. ಪಾಡ್ ಅಳಿಯುವುದು ಅಪರೂಪ ಅಂತ ತಿಳಿಯಬೇಡಿ. ಹೊಸ ಇಮೇಜ್ ಹಾಕಿದರೆ ಹಳೇ ಪಾಡ್ ಹೋಗುತ್ತದೆ, ರಿಪೇರಿಗೆ ನೋಡ್ ಖಾಲಿ ಮಾಡಿದರೂ ಹೋಗುತ್ತದೆ.

ಕ್ಯಾಶ್‌ಗೆ, ತಾತ್ಕಾಲಿಕ ಫೈಲ್‌ಗೆ, ಒಂದೇ ಪಾಡ್‌ನ ಎರಡು ಕಂಟೇನರ್ ಫೈಲ್ ಹಂಚಿಕೊಳ್ಳಲು ಇದು ಸರಿಯಾದ ವಾಲ್ಯೂಮ್. ಮೀಡಿಯಂ ಅನ್ನುವಲ್ಲಿ ಮೆಮೊರಿ ಅಂತ ಬರೆದರೆ ರ್‍ಯಾಮ್‌ನಲ್ಲೇ ಕೂರುತ್ತದೆ, ವೇಗ ಜಾಸ್ತಿ. ಆಗ ನೀವು ಬರೆದ ಫೈಲ್ ಕಂಟೇನರ್‌ನ ಮೆಮೊರಿ ಲೆಕ್ಕಕ್ಕೇ ಬೀಳುತ್ತದೆ. "ಪ್ರೋಗ್ರಾಂ ಚಿಕ್ಕದು, ಮೆಮೊರಿ ಯಾಕೆ ಸಾಲುತ್ತಿಲ್ಲ" ಅಂತ ಒಬ್ಬರು ಎರಡು ದಿನ ತಲೆ ಕೆಡಿಸಿಕೊಂಡಿದ್ದರು. ಕಾರಣ ಇದೇ ಇತ್ತು.

ಹೋಸ್ಟ್‌ಪಾತ್ ನನ್ನ ಲ್ಯಾಪ್‌ಟಾಪ್‌ದಾಗ ಛಲೋ ನಡೀತದ. ಕ್ಲಸ್ಟರ್‌ದಾಗ ಯಾಕ ಬ್ಯಾಡ ಅಂತೀರಿ?

ನಮ್ಮ ಕಡೆ ಹಿಂದೆ ಜೋಳ ಇಡಲು ಹಗೇವು ತೋಡುತ್ತಿದ್ದರು, ನೆನಪಿದೆಯಾ? ಮನೆ ಮುಂದೆ ನೆಲದಲ್ಲಿ ಆಳದ ಗುಂಡಿ, ಒಳಗೆ ಕಾಳು, ಮೇಲೆ ಮಣ್ಣು. ನೀವು ಬೇರೆ ಊರಿಗೆ ಮನೆ ಬದಲಿಸಿದರೆ ಹಗೇವು ನಿಮ್ಮ ಹಿಂದೆ ಬರುವುದಿಲ್ಲ. ಹೋಸ್ಟ್‌ಪಾತ್, ಅಂದರೆ ನೋಡ್‌ನ ಒಂದು ಡೈರೆಕ್ಟರಿಯನ್ನೇ ಪಾಡ್‌ಗೆ ಕೊಡುವ ವಾಲ್ಯೂಮ್, ಹಾಗೆ. ಲ್ಯಾಪ್‌ಟಾಪ್‌ನಲ್ಲಿ ನೋಡ್ ಒಂದೇ, ಹಾಗಾಗಿ ತೊಂದರೆ ಕಾಣುವುದಿಲ್ಲ. ಮೂರು ನೋಡ್ ಇದ್ದಾಗ ಪಾಡ್ ಇವತ್ತು ಒಂದರಲ್ಲಿ, ನಾಳೆ ಇನ್ನೊಂದರಲ್ಲಿ. ಅಲ್ಲಿ ಅದೇ ಹೆಸರಿನ ಡೈರೆಕ್ಟರಿ ಇರುತ್ತದೆ, ಒಳಗೆ ನಿಮ್ಮ ಕಾಳಿಲ್ಲ.

ಇನ್ನೊಂದು ಅಪಾಯ ಭದ್ರತೆಯದು. ನೋಡ್‌ನ ಫೈಲ್‌ಗಳಿಗೆ ಪಾಡ್ ಕೈ ಹಾಕುತ್ತದೆ. ತಪ್ಪು ಡೈರೆಕ್ಟರಿ ಕೊಟ್ಟರೆ ಇಡೀ ಯಂತ್ರವನ್ನೇ ಒಪ್ಪಿಸಿದ ಹಾಗೆ. ಲಾಗ್ ಒಟ್ಟು ಮಾಡುವ ಏಜೆಂಟ್ ಥರದ ಕೆಲಸಕ್ಕೆ ಹೋಸ್ಟ್‌ಪಾತ್ ಬೇಕಾಗುತ್ತದೆ, ಆಗಲೂ ಓದಲು ಮಾತ್ರ ಕೊಡಿ. ನೋಡ್‌ನ ಡಿಸ್ಕೇ ಬೇಕು ಅಂದರೆ ಲೋಕಲ್ ಪಿವಿ ಬಳಸಿ (ಪಿವಿ ಏನು ಅಂತ ಮುಂದೆ ಹೇಳುತ್ತೇನೆ). ಡೇಟಾ ಯಾವ ನೋಡ್‌ನಲ್ಲಿದೆ ಅಂತ ಪಾಡ್‌ಗೆ ನೋಡ್ ಆರಿಸುವ ಶೆಡ್ಯೂಲರ್‌ಗೆ ಗೊತ್ತಿರುತ್ತದೆ, ಪಾಡ್ ಅಲ್ಲಿಗೇ ಹೋಗುತ್ತದೆ.

ಕಾನ್ಫಿಗ್‌ಮ್ಯಾಪ್, ಸೀಕ್ರೆಟ್ ಸೈತ ವಾಲ್ಯೂಮೇ ಏನ್ರಿ?

ಹೌದು, ಫೈಲ್ ಆಗಿ ಕಟ್ಟಬಹುದು. ಕಾನ್ಫಿಗ್‌ಮ್ಯಾಪ್‌ನಲ್ಲಿ ಸೆಟ್ಟಿಂಗ್, ಸೀಕ್ರೆಟ್‌ನಲ್ಲಿ ಪಾಸ್‌ವರ್ಡ್ ಥರದ ಗುಟ್ಟು ಇರುತ್ತದೆ. ಗಾತ್ರ 1 ಮೆಬಿಬೈಟ್ ದಾಟುವಂತಿಲ್ಲ. ತಿದ್ದಿದರೆ ಸ್ವಲ್ಪ ಹೊತ್ತಿಗೆ ಒಳಗೂ ಬದಲಾಗುತ್ತದೆ, ಆದರೆ ಸಬ್‌ಪಾತ್ ಬಳಸಿ ಒಳಗಿನ ಒಂದು ಫೈಲನ್ನೋ ಉಪ ಡೈರೆಕ್ಟರಿಯನ್ನೋ ಮಾತ್ರ ಕಟ್ಟಿದ್ದರೆ ಬದಲಾಗುವುದಿಲ್ಲ. ಸೀಕ್ರೆಟ್ ಒಳಗಿರುವುದು ಬೇಸ್64, ಅದು ಬೀಗ ಅಲ್ಲ. ಯಾರು ಬೇಕಾದರೂ ಬಿಚ್ಚಿ ಓದಬಹುದು.

## ಪಿವಿ, ಪಿವಿಸಿ ತಲೆನೋವು

ಪಿವಿ, ಪಿವಿಸಿ, ಸ್ಟೋರೇಜ್ ಕ್ಲಾಸ್. ಮೂರು ಯಾಕ ಬೇಕು? ಒಂದು ಸಾಲದೇನು?

ಗೋದಾಮಿನ ಲೆಕ್ಕದಲ್ಲಿ ನೋಡಿ. ಅಡತ್ ಅಂಗಡಿಯವರು ಚೀಟಿ ಕಳಿಸುತ್ತಾರೆ: "ಇಷ್ಟು ಚೀಲಕ್ಕೆ ಜಾಗ ಬೇಕು." ಆ ಚೀಟಿ ಪಿವಿಸಿ, ಅಂದರೆ ಪರ್ಸಿಸ್ಟೆಂಟ್ ವಾಲ್ಯೂಮ್ ಕ್ಲೇಮ್. ನಿಜವಾಗಿ ಸಿಕ್ಕ ಕೋಣೆ ಪಿವಿ, ಅಂದರೆ ಪರ್ಸಿಸ್ಟೆಂಟ್ ವಾಲ್ಯೂಮ್. ಯಾವ ಥರದ ಗೋದಾಮು, ತಗಡಿನ ಶೆಡ್ಡೋ ಕೋಲ್ಡ್ ಸ್ಟೋರೇಜೋ ಅನ್ನುವುದು ಸ್ಟೋರೇಜ್ ಕ್ಲಾಸ್. ಚೀಟಿ ಬರೆಯುವವರಿಗೆ ಕೋಣೆಯ ನಂಬರ್ ಬೇಕಿಲ್ಲ. ಹಾಗಾಗಿ ಅದೇ ಯಾಮಲ್ (ಚೀಟಿ ಬರೆಯುವ ಫೈಲ್) ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ, ಕ್ಲೌಡ್‌ನಲ್ಲೂ ನಡೆಯುತ್ತದೆ.

ಚೀಟಿ ಒಂದು ನೇಮ್‌ಸ್ಪೇಸ್‌ಗೆ, ಅಂದರೆ ಕ್ಲಸ್ಟರ್‌ನ ಒಂದು ವಿಭಾಗಕ್ಕೆ ಸೇರಿದ್ದು, ಕೋಣೆ ಇಡೀ ಕ್ಲಸ್ಟರ್‌ಗೆ ಸೇರಿದ್ದು. ಒಂದು ಚೀಟಿಗೆ ಒಂದೇ ಕೋಣೆ. ನೀವು ಕೈಯಾರೆ 20 ಜಿಬಿಯ ಪಿವಿ ಮಾಡಿಟ್ಟು, 5 ಜಿಬಿಯ ಪಿವಿಸಿ ಅದಕ್ಕೆ ಅಂಟಿಕೊಂಡರೆ ಉಳಿದ 15 ಬೇರೆ ಯಾರಿಗೂ ಸಿಗುವುದಿಲ್ಲ.

ಕೋಣೆ ತೆರೆದು ಚೀಲ ಹೊರುವ ಹಮಾಲರು ಯಾರು ಅಂದರೆ ಸಿಎಸ್‌ಐ (ಕಂಟೇನರ್ ಸ್ಟೋರೇಜ್ ಇಂಟರ್ಫೇಸ್) ಡ್ರೈವರ್. ಹಿಂದೆ ಪ್ರತಿ ಕಂಪನಿಯ ಸ್ಟೋರೇಜ್ ಕೋಡ್ ಕುಬರ್ನೆಟಿಸ್ ಒಳಗೇ ತುಂಬಿತ್ತು. ಸಿಎಸ್‌ಐ 2018ರ ಡಿಸೆಂಬರ್‌ನಲ್ಲಿ 1.13ನೇ ಆವೃತ್ತಿಯೊಂದಿಗೆ ಸ್ಥಿರವಾಯಿತು. ಆಮೇಲೆ ಆ ಕೋಡ್ ಒಂದೊಂದಾಗಿ ಹೊರಗೆ ಹೋಯಿತು.

ಪಿವಿಸಿ ಪೆಂಡಿಂಗ್‌ದಾಗೇ ನಿಂತದ. ಒಂದು ತಾಸಾಯ್ತು ನೋಡ್ರಿ.

ಫೋನ್ ಮಾಡುವ ಮೊದಲು ಕುಬ್‌ಸಿಟಿಎಲ್ ಡಿಸ್ಕ್ರೈಬ್ ಪಿವಿಸಿ ಅನ್ನುವ ಕಮಾಂಡ್ ಹಾಕಿ, ಕೊನೆಯಲ್ಲಿರುವ ಈವೆಂಟ್ಸ್ ಓದಿ. ಹತ್ತರಲ್ಲಿ ಎಂಟು ಸಲ ಉತ್ತರ ಅಲ್ಲೇ ಬರೆದಿರುತ್ತದೆ.

"ಮೊದಲ ಬಳಕೆದಾರನಿಗಾಗಿ ಕಾಯುತ್ತಿದ್ದೇನೆ" ಅನ್ನುವ ಅರ್ಥದ ಸಾಲು ಕಂಡರೆ ಅದು ತಪ್ಪೇ ಅಲ್ಲ. ಸ್ಟೋರೇಜ್ ಕ್ಲಾಸ್ ವೇಟ್‌ಫಾರ್‌ಫಸ್ಟ್‌ಕನ್ಸ್ಯೂಮರ್ ಅಂತ ಇದ್ದರೆ, ಪಾಡ್ ಯಾವ ನೋಡ್‌ಗೆ ಹೋಗುತ್ತದೆ ಅಂತ ತಿಳಿದ ಮೇಲೆ ಡಿಸ್ಕ್ ಮಾಡುತ್ತದೆ. ಕೆ3ಎಸ್ ಅನ್ನುವ ಹಗುರ ಕುಬರ್ನೆಟಿಸ್ ಜೊತೆ ಬರುವ ಲೋಕಲ್‌ಪಾತ್ ಸ್ಟೋರೇಜ್ ಕ್ಲಾಸ್ ಹೀಗೇ. ಪಾಡ್ ಹುಟ್ಟಿಸಿ, ಪಿವಿಸಿ ತಾನೇ ಬೌಂಡ್ ಆಗುತ್ತದೆ, ಅಂದರೆ ಪಿವಿಗೆ ಅಂಟಿಕೊಳ್ಳುತ್ತದೆ. ಒಬ್ಬ ತಂಗಿ ಪಿವಿಸಿ ಬೌಂಡ್ ಆಗಲಿ ಅಂತ ಪಾಡ್ ಹಾಕದೆ ಕಾಯುತ್ತಿದ್ದಳು, ಪಿವಿಸಿ ಪಾಡ್‌ಗೆ ಕಾಯುತ್ತಿತ್ತು. ನೀವು ಮೊದಲು, ನೀವು ಮೊದಲು ಅಂತ ಬಾಗಿಲಲ್ಲೇ ನಿಂತ ಬೀಗರ ಥರ.

ಉಳಿದ ಕಾರಣಗಳು: ಡೀಫಾಲ್ಟ್ ಸ್ಟೋರೇಜ್ ಕ್ಲಾಸ್ ಇಲ್ಲ, ಹೆಸರಿನ ಅಕ್ಷರ ತಪ್ಪಿದೆ, ಇಲ್ಲವೇ ಆ ಡಿಸ್ಕ್ ಕೊಡಲಾಗದ ಆಕ್ಸೆಸ್ ಮೋಡ್ (ಯಾರು ಯಾರು ಬಳಸಬಹುದು ಅನ್ನುವುದು) ಕೇಳಿದ್ದೀರಿ. ಇನ್ನೊಂದು ಸೂಕ್ಷ್ಮ ಇದೆ. ಸ್ಟೋರೇಜ್ ಕ್ಲಾಸ್ ಹೆಸರಿನ ಸಾಲನ್ನೇ ಬಿಟ್ಟರೆ ಡೀಫಾಲ್ಟ್ ಹಿಡಿಯುತ್ತದೆ. ಸಾಲು ಬರೆದು ಬರೀ ಖಾಲಿ ಕೊಟೇಶನ್ ಇಟ್ಟರೆ "ಹೊಸ ಡಿಸ್ಕ್ ಮಾಡಬೇಡ" ಅಂತ ಅರ್ಥ.

5 ಜಿಬಿ ಕೇಳಿದ್ದೆ. 40 ಜಿಬಿ ಬರೆದ್ರೂ ಸುಮ್ನ ಅದ. ಹ್ಯಾಂಗ?

ನಿಮ್ಮದು ಲೋಕಲ್‌ಪಾತ್. ಅದು ನೋಡ್ ಮೇಲೆ ಒಂದು ಡೈರೆಕ್ಟರಿ ಮಾಡಿಕೊಡುತ್ತದೆ, ಅಳತೆ ಹಿಡಿಯುವುದಿಲ್ಲ. 5 ಅನ್ನುವುದು ಚೀಟಿಯಲ್ಲಿ ಮಾತ್ರ. ನೋಡ್‌ನ ಡಿಸ್ಕ್‌ನಲ್ಲಿ ಖಾಲಿ ಜಾಗ ಶೇ 10ಕ್ಕಿಂತ ಕೆಳಗಿಳಿದರೆ ಪ್ರತಿ ನೋಡ್‌ನಲ್ಲಿ ಕೂತು ಅದನ್ನು ನೋಡಿಕೊಳ್ಳುವ ಕ್ಯೂಬ್‌ಲೆಟ್ ಪಾಡ್‌ಗಳನ್ನು ಹೊರಗೆ ಹಾಕಲು ಶುರುಮಾಡುತ್ತದೆ, ಅದು ಡೀಫಾಲ್ಟ್ ಮಿತಿ. ನಿಜವಾದ ಬ್ಲಾಕ್ ಡಿಸ್ಕ್ ಆಗಿದ್ದರೆ 5ಕ್ಕೇ ನಿಲ್ಲುತ್ತಿತ್ತು.

ರೀಡ್‌ರೈಟ್‌ಒನ್ಸ್ ಅಂದ್ರ ಒಂದೇ ಪಾಡ್ ಅಂತ ಅಲ್ಲೇನು?

ಒಂದೇ ನೋಡ್ ಅಂತ. ಒಂದೇ ನೋಡ್ ಮೇಲೆ ಕೂತ ನಾಲ್ಕು ಪಾಡ್ ಕೂಡ ಅದಕ್ಕೆ ಬರೆಯಬಹುದು. ಪರೀಕ್ಷೆಯಲ್ಲಿ ಎಲ್ಲ ಸರಿ ನಡೆದು, ಎರಡನೇ ನೋಡ್ ಸೇರಿಸಿದ ದಿನ ಮುರಿದುಬಿದ್ದರೆ ಕಾರಣ ಇದು. ಖಂಡಿತ ಒಂದೇ ಪಾಡ್ ಬೇಕು ಅಂದರೆ ರೀಡ್‌ರೈಟ್‌ಒನ್ಸ್‌ಪಾಡ್ ಅಂತ ಬೇರೆಯೇ ಇದೆ, 1.29ರಲ್ಲಿ ಸ್ಥಿರವಾಯಿತು.

ಎಲ್ಲ ನೋಡ್‌ನಿಂದ ಬರೆಯಲು ರೀಡ್‌ರೈಟ್‌ಮೆನಿ. ಬೀದರ್‌ನ ನೌಬಾದ್ ಕರೇಜ್ ನೋಡಿದ್ದರೆ ಇದು ತಟ್ಟನೆ ತಿಳಿಯುತ್ತದೆ. ಕೆಳಗೆ ಒಂದೇ ನೀರಿನ ಸುರಂಗ, ಮೇಲೆ ಸಾಲಾಗಿ ಬಾವಿಗಳು. ಯಾವ ಬಾವಿಗೆ ಕೊಡ ಇಳಿಸಿದರೂ ಅದೇ ನೀರು. ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಎನ್‌ಎಫ್‌ಎಸ್, ಸೆಫ್‌ಎಫ್‌ಎಸ್ ಅಂಥ ಸುರಂಗಗಳು. ಸಾಮಾನ್ಯ ಕ್ಲೌಡ್ ಡಿಸ್ಕ್ ಒಂಟಿ ಬಾವಿ. ಇಷ್ಟಾದರೂ ಎರಡು ಪ್ರೋಗ್ರಾಂ ಒಂದೇ ಫೈಲ್‌ಗೆ ಒಟ್ಟಿಗೆ ಬರೆದರೆ ತಡೆಯುವವರು ಯಾರೂ ಇಲ್ಲ. ಅದು ನಿಮ್ಮ ಪ್ರೋಗ್ರಾಂ ನೋಡಿಕೊಳ್ಳಬೇಕು.

ಪಿವಿಸಿ ಡಿಲೀಟ್ ಮಾಡಿದ್ರ ಡೇಟಾ ಇರ್ತದೋ ಹೋಗ್ತದೋ?

ಪಿವಿಯ ರೀಕ್ಲೇಮ್ ಪಾಲಿಸಿ ನೋಡಿ. ಡಿಲೀಟ್ ಅಂತ ಇದ್ದರೆ ಹಿಂದಿನ ಡಿಸ್ಕೂ ಹೋಗುತ್ತದೆ. ರಿಟೇನ್ ಅಂತ ಇದ್ದರೆ ಉಳಿಯುತ್ತದೆ. ಸ್ಟೋರೇಜ್ ಕ್ಲಾಸ್ ತಾನೇ ಮಾಡಿದ ಡಿಸ್ಕ್‌ಗೆ ಡೀಫಾಲ್ಟ್ ಡಿಲೀಟ್, ನೀವು ಕೈಯಾರೆ ಮಾಡಿದ ಪಿವಿಗೆ ಡೀಫಾಲ್ಟ್ ರಿಟೇನ್. ನನಗೆ ಇದು ಉಲ್ಟಾ ಇರಬೇಕಿತ್ತು ಅನಿಸುತ್ತದೆ.

ಯಾಕೆ ಅಂದರೆ ನಾನೇ ಸುಟ್ಟುಕೊಂಡಿದ್ದೇನೆ. ಒಂದು ಬೇಳೆ ಮಿಲ್‌ನ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ಜನವರಿ, ತೊಗರಿ ಬರುವ ಕಾಲ. ಹಳೇ ಪರೀಕ್ಷೆಯ ನೇಮ್‌ಸ್ಪೇಸ್ ಅಂತ ತಿಳಿದು ಒಂದನ್ನು ಅಳಿಸಿದೆ. ನೇಮ್‌ಸ್ಪೇಸ್ ಜೊತೆ ಪಿವಿಸಿ ಹೋಯಿತು, ಪಿವಿಸಿ ಜೊತೆ ಡಿಸ್ಕ್ ಹೋಯಿತು. ಪರೀಕ್ಷೆಯದ್ದು ಇನ್ನೊಂದಾಗಿತ್ತು. ಹಿಂದಿನ ರಾತ್ರಿಯ ಡಂಪ್, ಅಂದರೆ ಡೇಟಾಬೇಸ್‌ನ ಪ್ರತಿ ಇತ್ತು, ಅದರಿಂದ ಎಬ್ಬಿಸಿದೆ. ಆ ದಿನದ ವ್ಯವಹಾರ ಮಾತ್ರ ಇರಲಿಲ್ಲ. ಮುನೀಮರು ಏನೂ ಬೈಯದೆ ತಮ್ಮ ಖಾತೆ ಪುಸ್ತಕ ತೆಗೆದು ಒಂದೊಂದೇ ಓದಿದರು, ನಾನು ಟೈಪ್ ಮಾಡಿದೆ. ಬೈದಿದ್ದರೇ ಹಗುರಾಗುತ್ತಿತ್ತು.

ಮುಖ್ಯ ಡೇಟಾ ಇರುವ ಪಿವಿಯನ್ನು ರಿಟೇನ್‌ಗೆ ಬದಲಿಸಿ. ನಡೆಯುತ್ತಿರುವಾಗಲೂ ಬದಲಿಸಬಹುದು. ರಿಟೇನ್ ಆದ ಪಿವಿ ರಿಲೀಸ್ಡ್ ಸ್ಥಿತಿಗೆ ಹೋಗುತ್ತದೆ, ಹೊಸ ಪಿವಿಸಿ ಅದನ್ನು ತಾನಾಗಿ ಹಿಡಿಯುವುದಿಲ್ಲ. ಹಳೇ ಪಿವಿಸಿಯ ಹೆಸರು ಹಿಡಿದಿರುವ ಕ್ಲೇಮ್‌ರೆಫ್ ಸಾಲನ್ನು ತೆಗೆದರೆ ಮತ್ತೆ ಸಿಗುತ್ತದೆ. ಪಾಡ್ ಬಳಸುತ್ತಿರುವ ಪಿವಿಸಿಯನ್ನು ಅಳಿಸಿದರೆ ಅದು ಟರ್ಮಿನೇಟಿಂಗ್‌ನಲ್ಲೇ ನಿಲ್ಲುತ್ತದೆ, ಅದು ರಕ್ಷಣೆ. ಅವಸರಕ್ಕೆ ಆ ರಕ್ಷಣೆಯ ಗುರುತಾದ ಫೈನಲೈಸರ್ ಕಿತ್ತು ಹಾಕಬೇಡಿ.

## ಡೇಟಾಬೇಸ್ ಇಡುವವರಿಗೆ

ಡೇಟಾಬೇಸ್ ಕುಬರ್ನೆಟಿಸ್‌ದಾಗ ಇಡಬೇಕೋ ಬ್ಯಾಡೋ? ಖರೇ ಹೇಳ್ರಿ.

ಇಬ್ಬರು ಮೂವರ ತಂಡಕ್ಕೆ ಬೇಡ. ಬೇರೆ ಒಂದು ಯಂತ್ರದಲ್ಲಿ ಸುಮ್ನೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಿ, ಇಲ್ಲ ಕ್ಲೌಡ್‌ನವರ ಡೇಟಾಬೇಸ್ ಸೇವೆ ಕೊಳ್ಳಿ. ಕ್ಲಸ್ಟರ್‌ನಲ್ಲೇ ಬೇಕು ಅಂದರೆ ಕ್ಲೌಡ್‌ನೇಟಿವ್‌ಪಿಜಿ ಥರದ ಆಪರೇಟರ್, ಅಂದರೆ ಡೇಟಾಬೇಸನ್ನು ನೋಡಿಕೊಳ್ಳುವ ಪ್ರೋಗ್ರಾಂ ಬಳಸಿ. ವಾಲ್ಯೂಮ್ ಡಿಸ್ಕ್ ಕೊಡುತ್ತದೆ. ಪ್ರೈಮರಿ, ಅಂದರೆ ಮುಖ್ಯ ಡೇಟಾಬೇಸ್ ಬಿದ್ದಾಗ ಯಾರು ಮುಂದೆ ಬರಬೇಕು ಅಂತ ತೀರ್ಮಾನಿಸುವುದು ವಾಲ್ಯೂಮ್ ಕೆಲಸ ಅಲ್ಲ.

ಡಿಪ್ಲಾಯ್‌ಮೆಂಟ್‌ದಾಗ ಒಂದು ಪಿವಿಸಿ ಹಾಕಿ ರೆಪ್ಲಿಕಾ 3 ಮಾಡಿದೆ. ತಪ್ಪೇನು?

ಡಿಪ್ಲಾಯ್‌ಮೆಂಟ್ ಒಂದೇ ಥರದ ಪಾಡ್‌ಗಳನ್ನು ಹುಟ್ಟಿಸುತ್ತದೆ, ರೆಪ್ಲಿಕಾ ಅಂದರೆ ಅವುಗಳ ಸಂಖ್ಯೆ. ಮೂರೂ ಪಾಡ್ ಒಂದೇ ಪಿವಿಸಿಗೆ ಬೀಳುತ್ತವೆ. ಪ್ರತಿ ಪಾಡ್‌ಗೂ ಬೇರೆ ಡಿಸ್ಕ್ ಬೇಕಾದರೆ ಸ್ಟೇಟ್‌ಫುಲ್‌ಸೆಟ್ ಬೇಕು. ಅದರ ವಾಲ್ಯೂಮ್‌ಕ್ಲೇಮ್‌ಟೆಂಪ್ಲೇಟ್ ಒಂದೊಂದು ಪಾಡ್‌ಗೆ ಒಂದೊಂದು ಪಿವಿಸಿ ಮಾಡುತ್ತದೆ. ಸೊನ್ನೆ ನಂಬರಿನ ಪಾಡ್ ಸತ್ತು ಬೇರೆ ಕಡೆ ಹುಟ್ಟಿದರೂ ಅದಕ್ಕೆ ತನ್ನದೇ ಡಿಸ್ಕ್ ಸಿಗುತ್ತದೆ. ಸ್ಟೇಟ್‌ಫುಲ್‌ಸೆಟ್ ಅಳಿಸಿದರೂ, ಸಂಖ್ಯೆ ಇಳಿಸಿದರೂ ಪಿವಿಸಿಗಳು ಡೀಫಾಲ್ಟ್ ಆಗಿ ಉಳಿಯುತ್ತವೆ. ಒಳ್ಳೆಯದೇ, ಆದರೆ ಕ್ಲೌಡ್ ಬಿಲ್ ಕೂಡ ಉಳಿಯುತ್ತದೆ.

ಒಂದೇ ರೆಪ್ಲಿಕಾದ ಡಿಪ್ಲಾಯ್‌ಮೆಂಟ್‌ಗೂ ಒಂದು ಗುಂಡಿ ಇದೆ. ಹೊಸ ಪಾಡ್ ಬೇರೆ ನೋಡ್‌ನಲ್ಲಿ ಹುಟ್ಟಿ ಡಿಸ್ಕ್‌ಗೆ ಕಾಯುತ್ತದೆ. ಹಳೆಯದು, ಹೊಸದು ಎದ್ದ ಮೇಲೆ ಬಿಡುತ್ತೇನೆ ಅಂತ ಡಿಸ್ಕ್ ಹಿಡಿದು ಕೂರುತ್ತದೆ. ಅಂಥಲ್ಲಿ ಸ್ಟ್ರಾಟಜಿ ಅನ್ನುವಲ್ಲಿ ರೀಕ್ರಿಯೇಟ್ ಅಂತ ಬರೆಯಿರಿ, ಹಳೇ ಪಾಡ್ ಮೊದಲು ಹೋಗುತ್ತದೆ.

ಪೋಸ್ಟ್‌ಗ್ರೆಸ್ ಏಳವಲ್ದು. ಡೈರೆಕ್ಟರಿ ಖಾಲಿ ಇಲ್ಲ ಅಂತದ. ಹೊಸ ಡಿಸ್ಕೇ ಕೊಟ್ಟೀನಿ!

ಎಕ್ಸ್‌ಟಿ4 ಫೈಲ್‌ಸಿಸ್ಟಂನ ಹೊಸ ಡಿಸ್ಕ್‌ನಲ್ಲೂ ಲಾಸ್ಟ್ ಪ್ಲಸ್ ಫೌಂಡ್ ಅನ್ನುವ ಡೈರೆಕ್ಟರಿ ಇರುತ್ತದೆ. ಪೋಸ್ಟ್‌ಗ್ರೆಸ್‌ಗೆ ಪೂರ್ತಿ ಖಾಲಿ ಜಾಗವೇ ಬೇಕು. ಪಿಜಿಡೇಟಾ ವೇರಿಯಬಲ್‌ಗೆ ಒಳಗಿನ ಒಂದು ಉಪ ಡೈರೆಕ್ಟರಿ ಕೊಡಿ, ಏಳುತ್ತದೆ. ಪರ್ಮಿಷನ್ ಡಿನೈಡ್ ಅಂದರೆ ಎಫ್‌ಎಸ್‌ಗ್ರೂಪ್ ಹಾಕಿ, ಅದು ವಾಲ್ಯೂಮ್‌ನ ಫೈಲ್‌ಗಳನ್ನು ಪಾಡ್‌ನ ಗುಂಪಿಗೆ ಒಪ್ಪಿಸುತ್ತದೆ. ಲಕ್ಷಗಟ್ಟಲೆ ಫೈಲ್ ಇದ್ದರೆ ಪ್ರತಿ ಸಲ ಎಲ್ಲದರ ಮಾಲೀಕತ್ವ ಬದಲಿಸುತ್ತಾ ಪಾಡ್ ಏಳಲು ಬಹಳ ಹೊತ್ತು ಹಿಡಿಯುತ್ತದೆ. ಆಗ ಎಫ್‌ಎಸ್‌ಗ್ರೂಪ್‌ಚೇಂಜ್‌ಪಾಲಿಸಿಗೆ ಆನ್‌ರೂಟ್‌ಮಿಸ್‌ಮ್ಯಾಚ್ ಅಂತ ಬರೆಯಿರಿ.

## ಕೈ ಪಳಗಿದವರ ಪ್ರಶ್ನೆಗಳು

ಕರೆಂಟ್ ಹೋಗಿ ಒಂದು ನೋಡ್ ಬಿತ್ತು. ಪಾಡ್ ಬೇರೆ ಕಡೆ ಏಳವಲ್ದು. ಮಲ್ಟಿ ಅಟ್ಯಾಚ್ ಎರರ್ ಅಂತದ.

ಮೇ ತಿಂಗಳಲ್ಲಿ ನಮ್ಮಲ್ಲಿ ಇದು ಜಾಸ್ತಿ. ಬಿಸಿಲು 42, 43 ದಾಟಿ, ಯುಪಿಎಸ್ ಕೈಕೊಟ್ಟರೆ ಆಯಿತು.

ಕುಬರ್ನೆಟಿಸ್ ಕಣ್ಣಿಗೆ ನೋಡ್ ಸತ್ತಿದೆಯೋ, ಬರೀ ನೆಟ್‌ವರ್ಕ್ ಕಡಿದಿದೆಯೋ ಗೊತ್ತಾಗುವುದಿಲ್ಲ. ಕಡಿದಿದ್ದರೆ ಅಲ್ಲಿನ ಪಾಡ್ ಇನ್ನೂ ಬರೆಯುತ್ತಿರಬಹುದು. ಅದೇ ಡಿಸ್ಕನ್ನು ಇನ್ನೊಂದು ನೋಡ್‌ಗೂ ಕಟ್ಟಿದರೆ ಡೇಟಾ ಹಾಳು. ಅದಕ್ಕೇ ಕಾಯುತ್ತದೆ. ಮೊದಲು ಪಾಡ್‌ಗಳನ್ನು ತೆಗೆಯಲು ಡೀಫಾಲ್ಟ್ 300 ಸೆಕೆಂಡ್. ಆಮೇಲೆ ಡಿಸ್ಕನ್ನು ಬಲವಂತವಾಗಿ ಬಿಡಿಸಲು ಇನ್ನೂ 6 ನಿಮಿಷ. ಸ್ಟೇಟ್‌ಫುಲ್‌ಸೆಟ್ ಆದರೆ ಹಳೇ ಪಾಡ್ ಹೋಗಿದ್ದು ಖಾತ್ರಿಯಾಗುವವರೆಗೆ ಹೊಸದನ್ನು ಹುಟ್ಟಿಸುವುದೇ ಇಲ್ಲ. ಎಷ್ಟು ಕಾದರೂ ಅಷ್ಟೇ.

ಯಂತ್ರ ನಿಜಕ್ಕೂ ಬಂದ್ ಆಗಿದೆ ಅಂತ ಕಣ್ಣಾರೆ ನೋಡಿದ್ದರೆ, ನೋಡ್ ಮೇಲೆ ಔಟ್ ಆಫ್ ಸರ್ವಿಸ್ ಅನ್ನುವ ಟೇಂಟ್ (ನೋಡ್‌ಗೆ ಹಚ್ಚುವ ಗುರುತು) ಹಾಕಿ. ಪಾಡ್ ಅಳಿಯುತ್ತದೆ, ಡಿಸ್ಕ್ ಬಿಡುತ್ತದೆ. ಇದು 1.28ರಿಂದ ಸ್ಥಿರ. ನೋಡ್ ಮತ್ತೆ ಎದ್ದ ಮೇಲೆ ಟೇಂಟ್ ನೀವೇ ತೆಗೆಯಬೇಕು. ಕಣ್ಣಾರೆ ನೋಡದೆ ಮಾತ್ರ ಹಾಕಬೇಡಿ. ಫೋನ್‌ನಲ್ಲಿ "ಬಂದ್ ಆಗಿದೆ ಅಣ್ಣಾ" ಅಂದರೆ ನಾನು ಫೋಟೋ ಕೇಳುತ್ತೇನೆ.

ಮುಂಬೈದಾಗ ಇರೋ ಡಿಸ್ಕ್ ಹೈದರಾಬಾದ್ ನೋಡ್‌ಗ ಕಟ್ಟಬಹುದಾ? ನಮಗ ಹೈದರಾಬಾದ್ ಹತ್ರ ಅಲ್ರೀ.

ಹತ್ತಿರ ನಿಜ, ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್ ಅಲ್ಲಿ 2022ರ ನವೆಂಬರ್‌ನಲ್ಲಿ ರೀಜನ್ ತೆರೆದಿದೆ. ಆದರೆ ಅದರ ಇಬಿಎಸ್ ಡಿಸ್ಕ್ ಬೇರೆ ರೀಜನ್ ಇರಲಿ, ಒಂದೇ ರೀಜನ್‌ನ ಇನ್ನೊಂದು ಝೋನ್‌ಗೂ (ಡೇಟಾ ಸೆಂಟರ್ ಗುಂಪಿಗೂ) ಹೋಗುವುದಿಲ್ಲ. ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಚಿತ್ರ) ತೆಗೆದು, ಅಲ್ಲಿಗೆ ಕಾಪಿ ಮಾಡಿ, ಅದರಿಂದ ಹೊಸ ಡಿಸ್ಕ್ ಮಾಡಬೇಕು.

ಡಿಸ್ಕ್ ತುಂಬ್ಯಾದ. ದೊಡ್ಡದು ಮಾಡಿ ಆಮ್ಯಾಲ ಸಣ್ಣದು ಮಾಡಬಹುದಲ್ಲ?

ದೊಡ್ಡದು ಮಾಡಬಹುದು, ಸ್ಟೋರೇಜ್ ಕ್ಲಾಸ್‌ನಲ್ಲಿ ಅಲೋವಾಲ್ಯೂಮ್‌ಎಕ್ಸ್‌ಪಾನ್ಷನ್ ಇರಬೇಕು. ಪಿವಿಸಿಯ ಸಂಖ್ಯೆ ತಿದ್ದಿದರೆ ಸಾಕು. ಸಣ್ಣದು ಮಾಡಲು ದಾರಿ ಇಲ್ಲ, ಹೊಸ ಪಿವಿಸಿ ಮಾಡಿ ಡೇಟಾ ಕಾಪಿ ಮಾಡಬೇಕು. ಹಿಗ್ಗಿಸುವ ಮೊದಲು ಡಿಎಫ್ ಐ (df -i) ಕಮಾಂಡ್ ಹಾಕಿ ನೋಡಿ. ಕೆಲವು ಸಲ ಜಾಗ ಇರುತ್ತದೆ, ಇನೋಡ್, ಅಂದರೆ ಫೈಲ್‌ಗೊಂದರಂತೆ ಬೇಕಾಗುವ ನಮೂದುಗಳು ಮುಗಿದಿರುತ್ತವೆ.

ಸ್ನ್ಯಾಪ್‌ಶಾಟ್ ಅದ. ಮತ್ತ ಬ್ಯಾಕಪ್ ಯಾಕ?

ಬಹಳ ಕಡೆ ಸ್ನ್ಯಾಪ್‌ಶಾಟ್ ಇರುವುದು ಅದೇ ಸ್ಟೋರೇಜ್‌ನಲ್ಲಿ. ಪೆಟ್ಟಿಗೆ ಸುಟ್ಟರೆ ಎರಡೂ ಹೋದವು. ಜೊತೆಗೆ ಅದು ಕರೆಂಟ್ ಕಿತ್ತ ಕ್ಷಣದ ಚಿತ್ರ. ಡೇಟಾಬೇಸ್ ಅದರಿಂದ ಎದ್ದು ಬರಬಹುದು, ಆದರೆ ಮೆಮೊರಿಯಲ್ಲಿದ್ದು ಡಿಸ್ಕ್‌ಗೆ ಇಳಿಯದ್ದು ಅದರಲ್ಲಿ ಇರುವುದಿಲ್ಲ. ಕುಬರ್ನೆಟಿಸ್ ತನ್ನ ದಾಖಲೆ ಇಡುವ ಇಟಿಸಿಡಿಯ ಬ್ಯಾಕಪ್ ಇದೆ ಅಂತ ಧೈರ್ಯವಾಗಿರುವವರೂ ಇದ್ದಾರೆ. ಅದರಲ್ಲಿರುವುದು ಚೀಟಿಗಳು ಮಾತ್ರ, ಕಾಳಲ್ಲ. ಪಿಜಿ ಡಂಪ್ ತೆಗೆದು ಬೇರೆ ಕಡೆ ಇಡಿ, ಇಲ್ಲ ವೆಲೆರೋ ಅನ್ನುವ ಬ್ಯಾಕಪ್ ಸಾಧನ ಬಳಸಿ. ತಿಂಗಳಿಗೊಮ್ಮೆ ಅದರಿಂದ ನಿಜವಾಗಿ ಎಬ್ಬಿಸಿ ನೋಡಿ.

ನಮ್ಮ ಹತ್ರ ಮೂರು ಹಳೇ ಮಷಿನ್ ಅವ. ಲಾಂಗ್‌ಹಾರ್ನ್ ಹಾಕಲೋ, ರೂಕ್ ಹಾಕಲೋ?

ಎರಡೂ ಹಲವು ಯಂತ್ರಗಳ ಡಿಸ್ಕ್ ಸೇರಿಸಿ ಸ್ಟೋರೇಜ್ ಕೊಡುವ ಸಾಧನಗಳು. ಮೊದಲು ನಿಮ್ಮ ನೆಟ್‌ವರ್ಕ್ ಸ್ವಿಚ್ ನೋಡಿ. 1 ಗಿಗಾಬಿಟ್ ಆದರೆ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್. ಲಾಂಗ್‌ಹಾರ್ನ್ ಡೀಫಾಲ್ಟ್ ಆಗಿ 3 ಪ್ರತಿ ಇಡುತ್ತದೆ. 100 ಜಿಬಿ ಡೇಟಾಕ್ಕೆ 300 ಜಿಬಿ ಡಿಸ್ಕ್ ಹೋಗುತ್ತದೆ, ಪ್ರತಿ ಬರಹವೂ ಆ ತಂತಿಯಲ್ಲೇ ಓಡಾಡುತ್ತದೆ. ರೂಕ್ ಹಾಕಿದರೆ ಕೆಳಗೆ ಸೆಫ್ ಬರುತ್ತದೆ. ಅದರ ಒಂದೊಂದು ಒಎಸ್‌ಡಿ, ಅಂದರೆ ಡಿಸ್ಕ್‌ಗೊಂದರಂತೆ ಓಡುವ ಪ್ರೋಗ್ರಾಂ, ಡೀಫಾಲ್ಟ್ ಆಗಿ 4 ಜಿಬಿ ಮೆಮೊರಿ ಗುರಿ ಇಟ್ಟುಕೊಳ್ಳುತ್ತದೆ. 8 ಜಿಬಿಯ ಹಳೇ ಮಷಿನ್‌ನಲ್ಲಿ ಉಳಿದವರಿಗೆ ಊಟ ಸಾಲದು. ಕಲಿಯಲು ಲಾಂಗ್‌ಹಾರ್ನ್ ಚೆನ್ನಾಗಿದೆ, ಪರದೆಯ ಮೇಲೆ ಎಲ್ಲ ಕಾಣುತ್ತದೆ.

ಆದರೆ ಅದರ ಮೇಲೆ ಅಂಗಡಿಯ ಲೆಕ್ಕ ನಡೆಸುವ ಯೋಚನೆ ಇದ್ದರೆ ನನ್ನ ಸಲಹೆ ಬೇರೆ. ಮೂರರಲ್ಲಿ ಒಳ್ಳೆಯ ಯಂತ್ರ ಒಂದನ್ನು ಆರಿಸಿ, ಎರಡು ಡಿಸ್ಕ್ ಮಿರರ್ ಮಾಡಿ ಎನ್‌ಎಫ್‌ಎಸ್ ಹಾಕಿ. ಪೋಸ್ಟ್‌ಗ್ರೆಸ್ ಮಾತ್ರ ಎನ್‌ಎಫ್‌ಎಸ್ ಮೇಲೆ ಬೇಡ, ಅದೇ ಯಂತ್ರದ ಸ್ವಂತ ಡಿಸ್ಕ್‌ನಲ್ಲಿ ಇರಲಿ. ಮೂರು ಪ್ರತಿ ಇದ್ದರೂ ನೀವು ಅಳಿಸಿದ್ದು ಮೂರೂ ಕಡೆ ಒಟ್ಟಿಗೇ ಅಳಿಯುತ್ತದೆ, ಡಂಪ್ ಹೇಗೂ ಬೇಕು. ಇನ್ನು ಆ ಮಷಿನ್‌ಗಳನ್ನು ಮಾಳಿಗೆ ಮೇಲಿನ ತಗಡಿನ ಕೋಣೆಯಿಂದ ಕೆಳಗೆ ಇಳಿಸಿ. ಈ ಬಿಸಿಲಿಗೆ ಅಲ್ಲಿ ಡಿಸ್ಕ್ ಬಾಳುವುದಿಲ್ಲ.